ಎಳೆಗೂಸಿಗೆ ನೀರೆರೆಯುವ ಎಡೆ

ಈ ಭಾಷಣದ ವಿಷಯವನ್ನು ಕೇಳಿ ತಮ್ಮಲ್ಲಿ ಕೆಲವರು ಮುಗುಳ್ನಕ್ಕಿರಬಹುದು. ಚರಿತ್ರೆಯನ್ನು ಬೋಧಿಸತಕ್ಕವನು ರಾಜವಂಶಗಳನ್ನೂ ಶಾಸನಗಳನ್ನೂ ಬಿಟ್ಟು, ಮನೆಯಲ್ಲಿ ಹಸುಗೂಸಿಗೆ ಎಲ್ಲಿ ಕುಳಿತು ನೀರೆರೆಯಬೇಕೆಂಬ ಹೆಂಗಸರ ಮಾತಿಗೆ ಇಳಿದನಲ್ಲಾ ಎಂದು ನನ್ನ ಸ್ನೇಹಿತರೊಬ್ಬರು ಆಗಲೇ ಹಾಸ್ಯಮಾಡಿದ್ದಾರೆ. ಇರಲಿ. ಎಷ್ಟೋ ರಾಜವಂಶಗಳು ಬಂದುವು, ಹೋದುವು. ಮಗು ಹುಟ್ಟಿದ ಪ್ರತಿಯೊಂದು ಮನೆಯೂ ದಿನ ಬೆಳಗಾದರೆ ಈ ಪ್ರಶ್ನೆಗೆ ಉತ್ತರ ಹೇಳಲೇಬೇಕಾಗಿತ್ತು. ಉತ್ತರ ತಪ್ಪಿದ ಕಡೆ ಕೂಸು ನಂದಿಹೋದದ್ದೂ ಉಂಟು.

ನನಗೆ ಈ ವಿಷಯ ಗ್ರಂಥಗಳಿಂದ ಹೊಳೆದುದಲ್ಲ. ನಮ್ಮ ಹಿರಿಯ ಮಗಳು ಹುಟ್ಟಿದುದು ಆಷಾಢದ ಗಾಳಿಯ ದಿನಗಳಲ್ಲಿ. ನನ್ನ ಹೆಂಡತಿಗೆ ತೌರಿನಲ್ಲಿ ತಾಯಿ ಇರಲಿಲ್ಲವಾಗಿ ಬಾಣಂತನವನ್ನು ನಮ್ಮ ಮನೆಯಲ್ಲಿ ನನ್ನ ತಾಯಿಯವರೇ ವಹಿಸಿಕೊಂಡಿದ್ದರು. ನಾವಿದ್ದ ಹೊಸ ಮನೆಯ ಸ್ನಾನದ ಕೋಣೆ ನೋಡುವುದಕ್ಕೆ ಬಹು ಚೆಲುವಾಗಿತ್ತು. ಗೋಡೆಗೆಲ್ಲ ಬಿಳಿಯ ಪಿಂಗಾಣಿ ಬಿಲ್ಲೆಗಳು, ಮೇಲೆ ಗಾಜಿನ ಪಟ್ಟಿಗಳ ಕಿಟಕಿ, ತಿರುಗಿಸಿದರೆ ಬಿಸಿನೀರು ಬರುವ ನಲ್ಲಿ. ಮಗುವಿಗೆ ಅಲ್ಲಿಯೇ ಎರೆಯಬೇಕೆಂದು ನಾನು ಹಟಹಿಡಿದೆ. ಅದು ಶುಚಿಯಾದ ಸ್ಥಳ, ಬೆಳಕಿದೆ, ಗಾಳಿಯಿದೆ ಎಂಬುದು ನನ್ನ ವಾದ. ತಾಯಿಯವರು ಒಲ್ಲದ ಮನಸ್ಸಿನಿಂದ ಒಪ್ಪಿದರು. ಸ್ನಾನವಾದ ಮೇಲೆ ನೋಡುವಾಗ ಮಗುವಿನ ಅಂಗಾಲು ಅಂಗೈಗಳು ನೀಲಿಯಾಗಿದ್ದುವು. ಅಳು ಕ್ಷೀಣವಾಗಿತ್ತು, ಮೊಲೆಗೆ ಬಾಯಿಟ್ಟರೂ ಚೀಪಲಿಲ್ಲ. ತಾಯಿಯವರು ನನ್ನೊಡನೆ ಜಗಳವಾಡದೆ ಕೂಸನ್ನು ಬಾಣಂತಿಯ ಎದೆಗೆ ಬರಿಮೈಯಲ್ಲೇ ಒತ್ತಿ ಮಲಗಿಸಿ ಮೇಲೆ ಕಂಬಳಿ ಹೊದಿಸಿದರು. ಅರ್ಧ ಗಂಟೆಯ ಮೇಲೆ ಮಗು ಹಾಲು ಕುಡಿಯಿತು. ಆಗ ಅವರು ಹೇಳಿದುದು ಒಂದೇ ಮಾತು: “ನೀರು ಬಿಸಿಯಾಗಿತ್ತು ಕಣಪ್ಪಾ, ಕೋಣೆ ಬಿಸಿಯಾಗಿರಲಿಲ್ಲ.”

ಆ ಮಾತು ಮನಸ್ಸಿನಲ್ಲಿ ಉಳಿದುದರಿಂದ ಈ ವಿಷಯವನ್ನು ಅಲ್ಲಲ್ಲಿ ಹುಡುಕುತ್ತ ಹೋದೆನು.

ಮಗುವಿಗೆ ಎಲ್ಲಿ ಸ್ನಾನಮಾಡಿಸಬೇಕೆಂಬುದಕ್ಕೆ ಕನ್ನಡ ಕಾವ್ಯದಲ್ಲಿರುವ ಅತ್ಯಂತ ಭವ್ಯವಾದ ಉತ್ತರ ಮೇರುಪರ್ವತ. ಪಂಪನು 941ರಲ್ಲಿ ರಚಿಸಿದ ಆದಿಪುರಾಣವನ್ನು ಓದಿದವರಿಗೆ ಜನ್ಮಾಭಿಷೇಕದ ಪ್ರಸಂಗ ನೆನಪಿರುವುದಷ್ಟೆ. ಇಂದ್ರನು ಹಸುಳೆಯಾದ ಜಿನನನ್ನು ಮೇರುವಿಗೆ ಕೊಂಡೊಯ್ದು ಕ್ಷೀರಸಮುದ್ರದ ನೀರಿನಿಂದ ಅಭಿಷೇಕಮಾಡುತ್ತಾನೆ. ಜೈನಕಥೆಯ ಈ ಭಾಗದಲ್ಲಿ ನನ್ನ ಮನಸ್ಸನ್ನು ಸೆಳೆದುದು ಆ ವೈಭವಕ್ಕಿಂತ ಹೆಚ್ಚಾಗಿ ಒಂದು ಸಣ್ಣ ಸಂಗತಿ. ಮಗುವನ್ನು ಹೊರಗೆ ಕೊಂಡೊಯ್ಯುವಾಗ ಶಚೀದೇವಿಯು ತಾಯಿಗೆ ಮಾಯಾನಿದ್ರೆಯನ್ನು ಬರಿಸಿ, ಅವಳ ಪಕ್ಕದಲ್ಲಿ ಮಾಯೆಯ ಶಿಶುವೊಂದನ್ನು ಇರಿಸಿಬರುತ್ತಾಳೆ. ದೇವೇಂದ್ರನೇ ಬಂದು ಕೇಳಿದರೂ, ಹುಟ್ಟಿದ ಕೂಸನ್ನು ಬೆಟ್ಟದ ತುದಿಯ ಗಾಳಿಯಲ್ಲಿ ಸ್ನಾನಮಾಡಿಸಲು ಎಚ್ಚರವಾಗಿರುವ ತಾಯಿ ಒಪ್ಪಳು ಎಂಬುದನ್ನು ಕಥೆಗಾರರು ಬಲ್ಲವರಾಗಿದ್ದರೆಂದು ನಾನು ತಿಳಿದುಕೊಳ್ಳುತ್ತೇನೆ. ಪಂಡಿತರು ಬೇರೆ ಅರ್ಥವನ್ನು ಹೇಳಬಹುದು.

ಮೇರುವಿನಿಂದ ಇಳಿದು ಮನೆಗೆ ಬಂದರೆ, ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡ ಗ್ರಂಥ ಚರಕಸಂಹಿತೆ. ಅದರ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಕುಮಾರಾಗಾರವೆಂಬ, ಎಂದರೆ ಮಗುವಿನ ಮನೆಯ, ಲಕ್ಷಣವನ್ನು ಹೇಳಿದೆ. ಮನೆ ಕಟ್ಟುವ ವಿದ್ಯೆಯನ್ನು ಬಲ್ಲವನು ಇದನ್ನು ರಚಿಸಬೇಕಂತೆ. ಅಲ್ಲಿ ಕತ್ತಲೆ ಇರಕೂಡದು, ಮನೆ ಗಟ್ಟಿಯಾಗಿರಬೇಕು, ಇಲಿ, ಹುಳುಹುಪ್ಪಟೆ, ಕಚ್ಚುವ ಪ್ರಾಣಿಗಳು ಹತ್ತಿರ ಬರಕೂಡದು, ನೀರಿನ ಸ್ಥಳ, ಒರಳಿನ ಸ್ಥಳ, ಮಲಮೂತ್ರದ ಸ್ಥಳ, ಸ್ನಾನದ ಸ್ಥಳ, ಅಡುಗೆಯ ಸ್ಥಳ ಇವೆಲ್ಲವೂ ಚೆನ್ನಾಗಿ ವಿಭಾಗವಾಗಿರಬೇಕು, ಆಯಾ ಋತುವಿಗೆ ಹಿತವಾಗಿರಬೇಕು. ಇವೆಲ್ಲಕ್ಕಿಂತ ವಿಚಾರಮಾಡತಕ್ಕ ಎರಡು ಪದಗಳು ಆ ಪಟ್ಟಿಯಲ್ಲಿವೆ. ಮನೆಯು ‘ನಿವಾತ’ವಾಗಿರಬೇಕು, ಜೊತೆಗೆ ‘ಪ್ರವಾತೈಕದೇಶ’ವೂ ಆಗಿರಬೇಕು. ಮಗುವಿನ ಮೇಲೆ ಗಾಳಿ ಬೀಸಕೂಡದು. ಆದರೆ ಮನೆಯ ಯಾವುದಾದರೂ ಒಂದು ಭಾಗದಲ್ಲಿ ಗಾಳಿ ಆಡುತ್ತಿರಬೇಕು. ಮೇಲುನೋಟಕ್ಕೆ ಒಂದಕ್ಕೊಂದು ವಿರುದ್ಧವಾಗಿ ಕಾಣುವ ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದು ಸಾಮಾನ್ಯವಾದ ವಿವೇಕವಲ್ಲ. ನಮ್ಮ ಮನೆಗಳ ಚರಿತ್ರೆಯಲ್ಲಿ ಈ ಎರಡು ಪದಗಳು ಒಟ್ಟಿಗೆ ನಿಂತದ್ದು ಬಹು ವಿರಳವೆಂಬುದನ್ನು ಮುಂದೆ ನೋಡೋಣ.

ಸುಶ್ರುತನು ನೀರಿನ ವಿಷಯವಾಗಿ ಹೆಚ್ಚು ಹೇಳಿದ್ದಾನೆ. ಮಗುವಿಗೆ ಬಲಾತೈಲವನ್ನು ಹಚ್ಚಿ, ಹಾಲು ಒಸರುವ ಮರಗಳ ತೊಗಟೆಯ ಕಷಾಯದಿಂದಲೋ, ಸುಗಂಧದ್ರವ್ಯಗಳ ನೀರಿನಿಂದಲೋ, ಕಾಯಿಸಿದ ಬೆಳ್ಳಿ ಬಂಗಾರಗಳನ್ನು ಅದ್ದಿದ ನೀರಿನಿಂದಲೋ, ಬೇಲದ ಎಲೆಯ ಬೆಚ್ಚನೆಯ ಕಷಾಯದಿಂದಲೋ ಸ್ನಾನಮಾಡಿಸಬಹುದೆಂದು ಹೇಳಿ, ಕಾಲವನ್ನೂ ದೋಷವನ್ನೂ ನೋಡಿಕೊಂಡು, ಅವರವರ ಐಶ್ವರ್ಯಕ್ಕೆ ತಕ್ಕಂತೆ ಮಾಡತಕ್ಕದ್ದೆಂದು ಸೇರಿಸಿದ್ದಾನೆ. ಬಂಗಾರ ಕಾಯಿಸುವವನಿಗೂ ಬೇಲದ ಎಲೆ ಕುದಿಸುವವನಿಗೂ ಒಂದೇ ವಾಕ್ಯದಲ್ಲಿ ಸ್ಥಳ ದೊರೆತಿದೆ.

ಪಾಶ್ಚಾತ್ಯ ದೇಶಗಳಲ್ಲಿ ಇದಕ್ಕೆ ವಿರುದ್ಧವಾದ ಒಂದು ಮತವೂ ಬಹುಕಾಲ ಬಾಳಿತು. ತಣ್ಣೀರಿನಲ್ಲಿ ಅದ್ದಿದರೆ ಮಗು ಗಟ್ಟಿಯಾಗುತ್ತದೆ ಎಂಬುದೇ ಆ ಮತ. ಶಿಶುಗಳನ್ನು ತಣ್ಣನೆಯ ಹೊಳೆಯಲ್ಲಿ ಮುಳುಗಿಸುವ ಪರಜನರ ಪದ್ಧತಿಯನ್ನು ಅರಿಸ್ಟಾಟಲನು ತನ್ನ ರಾಜನೀತಿಗ್ರಂಥದಲ್ಲಿ ಪ್ರಸ್ತಾಪಿಸಿದ್ದಾನೆ. ಸ್ಪಾರ್ಟಾದ ಹೆಂಗಸರು ನೀರನ್ನು ಬಿಟ್ಟು ದ್ರಾಕ್ಷಾರಸದಲ್ಲಿ ಕೂಸನ್ನು ತೊಳೆದು ಅದರ ಕಸುವನ್ನು ಪರೀಕ್ಷಿಸುತ್ತಿದ್ದರೆಂದು ಪ್ಲೂಟಾರ್ಕನು ಬರೆದಿದ್ದಾನೆ. ಕ್ರಿಸ್ತಶಕ ಎರಡನೆಯ ಶತಮಾನದ ವೈದ್ಯನಾದ ಎಫೆಸಸಿನ ಸೊರೇನಸನು ಮಾತ್ರ ಈ ಕ್ರೂರವನ್ನು ಖಂಡಿಸಿ, ಉಗುರುಬೆಚ್ಚನೆಯ ನೀರನ್ನೇ ವಿಧಿಸಿದನು. ತಣ್ಣೀರನ್ನು ತಡೆಯಲಾರದೆ ಹೋದ ಮಗು ಆ ಹಾನಿಯಾಗದಿದ್ದರೂ ಬದುಕುತ್ತಿರಲಿಲ್ಲವೆಂದು ಹೇಳಲಾಗದೆಂಬ ಅವನ ತರ್ಕವನ್ನು ಮುಂದಿನವರು ಮರೆತರು. ಲಿಚ್‌ಫೀಲ್ಡಿನ ವೈದ್ಯ ಸರ್ ಜಾನ್ ಫ್ಲಾಯರ್ (1649–1734) ಎಂಬಾತನಂತೂ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನಕ್ಕೆ ಮಕ್ಕಳನ್ನು ನೀರಿನಲ್ಲಿ ಮುಳುಗಿಸುವುದು ನಿಂತುದೇ ರೋಗಗಳು ಹೆಚ್ಚುವುದಕ್ಕೆ ಕಾರಣವೆಂದು ನಂಬಿದ್ದನು. 1762ರಲ್ಲಿ ಪ್ರಕಟವಾದ ಎಮಿಲ್ ಗ್ರಂಥದಲ್ಲಿ ರೂಸೋ ಸ್ನಾನದ ನೀರಿನ ಬಿಸುಪನ್ನು ದಿನೇ ದಿನೇ ಕಡಮೆಮಾಡುತ್ತ, ಕೊನೆಗೆ ಚಳಿಗಾಲದಲ್ಲಿಯೂ ಹಿಮದಂತಹ ನೀರಿಗೆ ಮಗುವನ್ನು ಒಗ್ಗಿಸಬೇಕೆಂದನು. ತನ್ನ ಮಕ್ಕಳನ್ನು ಅನಾಥಾಲಯಕ್ಕೆ ಒಪ್ಪಿಸಿದ ತಂದೆ ಈ ಉಪದೇಶ ಮಾಡಿದನೆಂಬುದನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯದು.

ಮೈಸೂರು ಸೀಮೆಯ ಹಳೆಯ ಮನೆಗೆ ಬರೋಣ. ನನ್ನ ಅಜ್ಜಿಯ ಊರಿನ ತೊಟ್ಟಿಯ ಮನೆಯನ್ನು ಉದಾಹರಣೆಯಾಗಿ ಹೇಳುತ್ತೇನೆ. ಹೆಚ್ಚು ಕಡಮೆ ಇದೇ ವಿನ್ಯಾಸ ತಮ್ಮಲ್ಲಿ ಬಹುಮಂದಿಗೆ ಪರಿಚಿತವಾಗಿರಬಹುದು. ಮುಂದೆ ಜಗಲಿ, ಒಳಗೆ ತೊಟ್ಟಿ, ಅದರ ಆಚೆ ನಡುಮನೆ, ಅಡುಗೆಮನೆ; ಎಲ್ಲಕ್ಕೂ ಹಿಂದೆ, ಹಿತ್ತಲಿಗೆ ತಾಗಿದಂತೆ, ಬಚ್ಚಲುಮನೆ. ಅದು ಅಲ್ಲಿ ಇದ್ದುದು ಬರಿಯ ಮಡಿಯ ಕಾರಣದಿಂದಲ್ಲ. ಬಾವಿ ಹಿತ್ತಲಿನಲ್ಲಿತ್ತು, ಸೌದೆ ಹಿತ್ತಲಿನಲ್ಲಿತ್ತು, ಹರಿದ ನೀರು ಸೇರುವ ಬಾಳೆಯ ಪಾತಿ ಹಿತ್ತಲಿನಲ್ಲಿತ್ತು. ಒಲೆಯ ಮೇಲೆ ಹೂಳಿದ ತಾಮ್ರದ ಹಂಡೆ. ಮಲೆನಾಡಿನಲ್ಲಾದರೆ ಅದರಡಿಯಲ್ಲಿ ಅಡಿಕೆಯ ಸಿಪ್ಪೆ ಉರಿಯುತ್ತಿತ್ತು. ನಮ್ಮ ಕಡೆ ತೆಂಗಿನ ಮಟ್ಟೆ, ಬೆರಣಿ, ತರಗು. ಗೋಡೆಗಳು ಮಸಿ ಹಿಡಿದು ಕಪ್ಪಾಗಿರುತ್ತಿದ್ದುವು. ವರ್ಷದ ಮುನ್ನೂರ ಅರವತ್ತು ದಿನ ಯಾರೂ ಗೌರವಿಸದ ಈ ಕೋಣೆಗೆ ದೀಪಾವಳಿಯ ಹಿಂದಿನ ನೀರು ತುಂಬುವ ಹಬ್ಬದ ದಿನ ಮಾತ್ರ ಪೂಜೆ ಸಲ್ಲುತ್ತಿತ್ತು. ಹಂಡೆಯನ್ನು ಹುಣಿಸೆಹಣ್ಣಿನಿಂದ ಬೆಳಗಿ, ಸುಣ್ಣ ಕೆಮ್ಮಣ್ಣು ಬಳಿದು, ಕೊರಳಿಗೆ ಬಳ್ಳಿಯನ್ನು ಸುತ್ತುವ ಸಂಭ್ರಮವನ್ನು ನಾನು ಹುಡುಗನಾಗಿದ್ದಾಗ ಕಂಡಿದ್ದೇನೆ.

ಆದರೆ ಬಚ್ಚಲುಮನೆಯು ದೊಡ್ಡವರಿಗೆ ತಕ್ಕುದಾಗಿತ್ತೇ ಹೊರತು ಎಳೆಗೂಸಿಗಲ್ಲ. ಬಾಣಂತಿಯ ಕೋಣೆಯಿಂದ ಅಲ್ಲಿಗೆ ಹೋಗಬೇಕಾದರೆ ತೆರೆದ ತೊಟ್ಟಿಯನ್ನು ಬಳಸಿ, ಹಿತ್ತಲ ಬಾಗಿಲ ಗಾಳಿಯನ್ನು ದಾಟಬೇಕು. ಎರೆದ ಮೇಲೆ ಒದ್ದೆಗೂಸನ್ನು ಅದೇ ದಾರಿಯಲ್ಲಿ ಹಿಂದಕ್ಕೆ ತರಬೇಕು. ಆದ್ದರಿಂದ ಅಜ್ಜಿಯ ಮನೆಯಲ್ಲಿ ಬಾಣಂತಿಯ ಕೋಣೆಯ ಮೂಲೆಯಲ್ಲಿಯೇ ಎರಡು ಮೊಳದ ಒಂದು ಕಲ್ಲುಹಾಸು, ಅದಕ್ಕೊಂದು ತೂಬು ಇದ್ದುವು. ಬಚ್ಚಲ ಹಂಡೆಯಿಂದ ಬಿಸಿನೀರು ಕೊಡಗಳಲ್ಲಿ ಅಲ್ಲಿಗೆ ಬರುತ್ತಿತ್ತು. ಕೂಸು ನೀರಿನ ಬಳಿಗೆ ಹೋಗುತ್ತಿರಲಿಲ್ಲ. ನೀರೇ ಕೂಸಿನ ಬಳಿಗೆ ಬರುತ್ತಿತ್ತು. ಮನೆಯ ಆಳೋ ಚಿಕ್ಕಮ್ಮನೋ ನಾಲ್ಕು ಸಲ ಹೆಚ್ಚಾಗಿ ತಿರುಗಿದರೆ ಮುಗಿಯಿತು.

ಇನ್ನು ಎರೆಯುವ ರೀತಿ. ಮುದುಕಿಯೊಬ್ಬಳು ಗೋಡೆಗೆ ಒರಗಿ ಕಾಲು ನೀಡಿ ಕುಳಿತು, ಸೀರೆಯನ್ನು ಮೊಳಕಾಲ ಮೇಲಕ್ಕೆ ಸರಿಸಿ, ಜೋಡಿಸಿದ ಕಣಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಳ್ಳುವಳು. ಹರಳೆಣ್ಣೆಯನ್ನು ತಿಕ್ಕಿ, ಕಡಲೆಹಿಟ್ಟು ಹಚ್ಚಿ, ತಂಬಿಗೆಯಿಂದ ನೀರನ್ನು ಎರೆಯುವಳು; ಅನಂತರ ಬೋರಲು ಹಾಕಿ ಬೆನ್ನಿಗೆ ಎರೆಯುವಳು. ಈ ದೇಶದಲ್ಲಿ ಕೋಟ್ಯಂತರ ಮಕ್ಕಳ ಮೊದಲ ಸ್ನಾನದ ತೊಟ್ಟಿ ಎರಡು ಕಾಲುಗಳೇ. ಇದರಲ್ಲಿ ಎರಡು ಗುಣಗಳು ಕಾಣುತ್ತವೆ. ಕೂಸು ನಿಂತ ನೀರಿನಲ್ಲಿ ಇಲ್ಲದಿರುವುದರಿಂದ ಮುಳುಗುವ ಭಯವಿಲ್ಲ, ಕೊಳೆಯ ನೀರು ಮತ್ತೆ ಮೈಗೆ ತಾಗುವುದಿಲ್ಲ. ಎರಡನೆಯದಾಗಿ, ಕೂಸಿನ ಮೇಲೆ ಬಿದ್ದ ನೀರು ಎರೆಯುವವಳ ಕಾಲಿನ ಮೇಲೂ ಹರಿಯುತ್ತದೆ. ನೀರು ಸುಟ್ಟರೆ ಅವಳಿಗೂ ಸುಡುತ್ತದೆ. ಆದರೆ ಒಲೆಯ ಮುಂದೆ ಬಾಳಿದ ಮುದುಕಿಯ ಕಾಲಿನ ಚರ್ಮಕ್ಕೂ ಹತ್ತು ದಿನದ ಕೂಸಿನ ಚರ್ಮಕ್ಕೂ ಸಾಮ್ಯವೆಲ್ಲಿ? ಹಳೆಯ ಹೆಂಗಸರು ಬಿಸಿ ಹೆಚ್ಚಾಗಿ ಎರೆಯುತ್ತಿದ್ದುದು ನಿಜ. ಮೂಗಿಗೂ ಕಿವಿಗೂ ಎಣ್ಣೆ ಬಿಡುವುದು, ಮೂಗನ್ನು ನೀವಿ ನೆಟ್ಟಗೆ ಮಾಡುವುದು, ಬಾಯೊಳಗೆ ಬೆರಳಿಟ್ಟು ಕಫ ತೆಗೆಯುವುದು ಇವನ್ನೆಲ್ಲ ಮಕ್ಕಳ ವೈದ್ಯರು ನಿಷೇಧಿಸಿರುವುದು ಸರಿಯೇ. ಹಿಂದಿನದೆಂಬ ಒಂದೇ ಕಾರಣಕ್ಕೆ ಇವನ್ನು ಸಮರ್ಥಿಸುವವನು ನಾನಲ್ಲ.

ಅದಕ್ಕಿಂತ ದೊಡ್ಡ ದೋಷ ಕೋಣೆಯದು. ಕಿಟಕಿಯಿದ್ದರೆ ಅದಕ್ಕೆ ಬಟ್ಟೆ ತುರುಕಿ, ಬಾಗಿಲು ಮುಚ್ಚಿ, ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ, ಸಾಂಬ್ರಾಣಿಯ ಹೊಗೆ ತುಂಬಿಸುವರು. ಹಗಲಿನಲ್ಲಿಯೂ ದೀಪವಿಲ್ಲದೆ ಕೂಸಿನ ಮುಖ ಕಾಣದು. ನಮ್ಮ ಅಜ್ಜಿಯರು ಚರಕನ ನಿವಾತವನ್ನು ಶಿರಸಾವಹಿಸಿ ಪಾಲಿಸಿದರು. ಅದರ ಪಕ್ಕದಲ್ಲಿದ್ದ ಪ್ರವಾತವನ್ನೂ, ಕತ್ತಲೆ ಕೂಡದೆಂಬ ಮಾತನ್ನೂ ಮರೆತರು. ಬೆಚ್ಚನೆಯ ಕೋಣೆಯಲ್ಲಿ ಮಕ್ಕಳು ಚಳಿಯಿಂದ ಉಳಿದುವು, ಹೊಗೆಯಿಂದ ಕೆಮ್ಮಿದುವು.

ಇದಕ್ಕೆ ಪ್ರತಿಯಾಗಿ ಬಂದುದು ನಗರದ ಹೊಸ ಮನೆ. ಬೆಂಗಳೂರಿಗೆ 1890ರ ದಶಕದ ಮಧ್ಯಭಾಗದಲ್ಲಿ ಹೆಸರಘಟ್ಟದ ಕೆರೆಯಿಂದ ಕೊಳವೆಗಳಲ್ಲಿ ನೀರು ಬಂದಿತು. ಅದಕ್ಕೆ ಮುಂಚೆ ಊರಿನ ಕೆರೆಗಳೂ ಬಾವಿಗಳೂ ಆಧಾರವಾಗಿದ್ದುವು. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಅಪಾರ ಪ್ರಾಣಹಾನಿಯಾಯಿತು. ಆ ಪಿಡುಗಿನ ಅನಂತರ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಅಗಲವಾದ ರಸ್ತೆ, ಮನೆಯ ಸುತ್ತ ಬಯಲು, ಹಿಂದೆ ಜಾಡಮಾಲಿಗಳು ಓಡಾಡುವ ಸಂದಿ ಇವು ನಿಯಮಗಳಾದುವು. ಬೆಳಕು ಮತ್ತು ಗಾಳಿ ಎಂಬುವು ಅಂದಿನ ಮಂತ್ರಾಕ್ಷರಗಳು. ಪ್ಲೇಗನ್ನು ಕಂಡವರು ಹಾಗೆ ಯೋಚಿಸಿದುದರಲ್ಲಿ ತಪ್ಪೇನೂ ಇಲ್ಲ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ನಲ್ಲಿಯಲ್ಲಿ ಬಂದುದು ತಣ್ಣೀರು. ನೀರು ಮನೆಯೊಳಕ್ಕೆ ಬಂದ ಎಷ್ಟೋ ವರ್ಷಗಳವರೆಗೆ ಬೆಂಕಿ ಹಳೆಯ ಸ್ಥಳದಲ್ಲಿಯೇ ಇತ್ತು. ಹಂಡೆ ಹೋಗಿ, ನಡುವೆ ಹೊಗೆಕೊಳವೆಯುಳ್ಳ ತಾಮ್ರದ ಬಾಯ್ಲರು ಬಂದಿತು. ಬಾಯ್ಲರು ಹೋಗಿ ವಿದ್ಯುತ್ತಿನ ಗೀಸರು ಬಂದಿತು. ಗೀಸರು ಗೋಡೆ ಹತ್ತಿ ಕುಳಿತ ದಿನ ಬಚ್ಚಲಿನ ಒಲೆ ಆರಿತು. ಯಾರೂ ಗಮನಿಸದೆ ಹೋದ ಸಂಗತಿ ಇದೇ. ಒಲೆಯು ನೀರನ್ನು ಕಾಯಿಸುತ್ತಿದ್ದುದಲ್ಲದೆ ಕೋಣೆಯನ್ನೂ ಕಾಯಿಸುತ್ತಿತ್ತು. ಗೀಸರು ನೀರನ್ನು ಮಾತ್ರ ಕಾಯಿಸುತ್ತದೆ. ನನ್ನ ತಾಯಿಯವರ ಮಾತಿನ ಅರ್ಥ ನನಗೆ ಆದುದು ಇಲ್ಲಿ.

ಇದರ ಭೌತಶಾಸ್ತ್ರ ಕಠಿನವಲ್ಲ. ಒಂದು ಗ್ರಾಂ ನೀರು ಮೈಯ ಮೇಲಿಂದ ಆವಿಯಾಗುವುದಕ್ಕೆ ಸುಮಾರು 580 ಕೆಲೊರಿ ಶಾಖ ಬೇಕು. ಒಂದು ಟೀ ಚಮಚದಷ್ಟು, ಎಂದರೆ 5 ಗ್ರಾಂ ನೀರು ಒದ್ದೆಮೈಯಿಂದ ಆರಿಹೋದರೆ, ಆ ಶಾಖವೆಲ್ಲ ಮೈಯಿಂದಲೇ ಹೋದ ಪಕ್ಷದಲ್ಲಿ, 3 ಕಿಲೋಗ್ರಾಂ ತೂಗುವ ಕೂಸಿನ ಮೈಬಿಸಿ ಸುಮಾರು ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಇಳಿಯಬಹುದು. ಗಾಳಿ ಬೀಸಿದಷ್ಟೂ ನೀರು ಬೇಗ ಆರುತ್ತದೆ. ತೂಕಕ್ಕೆ ಹೋಲಿಸಿದರೆ ಕೂಸಿನ ಚರ್ಮದ ಹರವು ದೊಡ್ಡವರದಕ್ಕಿಂತ ಬಹಳ ಹೆಚ್ಚು. ನಮ್ಮಂತೆ ನಡುಗಿ ಶಾಖ ಹುಟ್ಟಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು 1997ರಲ್ಲಿ ನವಜಾತ ಶಿಶುವನ್ನು ಬೆಚ್ಚಗಿಡುವ ಬಗ್ಗೆ ಒಂದು ಕೈಪಿಡಿಯನ್ನೇ ಹೊರಡಿಸಿದರು. 2013ರ ಅವರ ಸಲಹೆಗಳಲ್ಲಿ, ಹುಟ್ಟಿದ 24 ಗಂಟೆಗಳವರೆಗೆ ಕೂಸಿಗೆ ಸ್ನಾನಮಾಡಿಸಬಾರದು, ಸಂಪ್ರದಾಯದ ಕಾರಣದಿಂದ ಅಷ್ಟು ತಡೆಯಲಾಗದಿದ್ದರೆ 6 ಗಂಟೆಗಳಾದರೂ ಕಾಯಬೇಕು ಎಂದಿದೆ. ಹುಟ್ಟಿದೊಡನೆ ತೊಳೆಯಬೇಕೆಂಬ ಆತುರ ನಮ್ಮ ಹಳಬರಲ್ಲಿಯೂ ಇತ್ತು, ಆಸ್ಪತ್ರೆಗಳಲ್ಲಿಯೂ ಇತ್ತು.

ಇಂಗ್ಲೆಂಡಿನ ಬಡ ಮನೆಗಳಲ್ಲಿ ಮಗುವಿನ ಸ್ನಾನದ ಸ್ಥಳ ಅಡುಗೆಮನೆಯ ಬೆಂಕಿಯ ಮುಂದೆ ಇಟ್ಟ ತಗಡಿನ ತೊಟ್ಟಿಯಾಗಿತ್ತು. ನೀರು, ಬೆಂಕಿ, ಕೂಸು ಮೂರೂ ಒಂದೆಡೆ. ಸ್ನಾನಕ್ಕೆ ಬೇರೆ ಕೋಣೆ ಏರ್ಪಟ್ಟಾಗ ಅಲ್ಲಿಯೂ ಬೆಂಕಿ ಹಿಂದೆ ಉಳಿಯಿತು. ಲಂಡನ್ನಿನ ಬೆಂಜಮಿನ್ ಮಾನ್ ಎಂಬಾತ 1868ರಲ್ಲಿ ಅನಿಲದಿಂದ ನೀರನ್ನು ತಕ್ಷಣ ಕಾಯಿಸುವ ಯಂತ್ರವನ್ನು ರಚಿಸಿ, ಐಸ್‌ಲೆಂಡಿನ ಬಿಸಿನೀರ ಬುಗ್ಗೆಯ ಹೆಸರಿನಿಂದ ಅದನ್ನು ಗೀಸರ್ ಎಂದು ಕರೆದನು. ಅದಕ್ಕೆ ಹೊಗೆಕೊಳವೆಯೇ ಇರಲಿಲ್ಲ. ಸುಟ್ಟ ಅನಿಲವೆಲ್ಲ ಸ್ನಾನದ ಕೋಣೆಯಲ್ಲಿಯೇ ಉಳಿಯುತ್ತಿತ್ತು. ಆ ಅಪಾಯ ಮುಗಿದುಹೋದ ಕಥೆಯಲ್ಲ. ಚಳಿಯೆಂದು ಕಿಟಕಿ ಮುಚ್ಚಿದ ಸಣ್ಣ ಸ್ನಾನದ ಕೋಣೆಯಲ್ಲಿ ಅನಿಲದ ಗೀಸರನ್ನು ಉರಿಸಿ, ಕಾರ್ಬನ್ ಮೊನಾಕ್ಸೈಡಿನಿಂದ ಪ್ರಾಣ ಕಳೆದುಕೊಂಡವರ ಸುದ್ದಿ ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನಿಂದಲೂ ಬಂದಿದೆ. ಅಜ್ಜಿಯ ಅಗ್ಗಿಷ್ಟಿಕೆಯ ಕೋಣೆಗೂ ಇದಕ್ಕೂ ವ್ಯತ್ಯಾಸ ಕಡಮೆ. ಇದರ ಹೊಗೆ ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.

ಮೊದಲು ಹೇಳಿದ ನಮ್ಮ ಮನೆಯ ಕಥೆಗೆ ಹಿಂದಿರುಗುತ್ತೇನೆ. ಮಾರನೆಯ ದಿನ ತಾಯಿಯವರು ಮನೆಯನ್ನೆಲ್ಲ ಒಂದು ಸಲ ಸುತ್ತಿ ನೋಡಿದರು. ಅಡುಗೆಮನೆಗೆ ತಾಗಿದ ಸಣ್ಣ ಕೋಣೆಯನ್ನು ಆರಿಸಿದರು. ಅಡುಗೆಯ ಬಿಸಿ ಗೋಡೆಯಿಂದ ಅಲ್ಲಿಗೆ ಬರುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಪೂರ್ವದ ಕಿಟಕಿಯಿಂದ ಬಿಸಿಲು ನೆಲಕ್ಕೆ ಬೀಳುತ್ತಿತ್ತು. ಆ ಕಿಟಕಿಯನ್ನು ಮುಚ್ಚಿಸಿ, ಅಡುಗೆಮನೆಯ ಕಡೆಯ ಬಾಗಿಲನ್ನು ಓರೆಯಾಗಿ ತೆರೆದಿಡಿಸಿದರು. ಚರಕನ ಹೆಸರನ್ನು ಅವರು ಕೇಳಿದ್ದಿರಬಹುದು. ಅವನ ಗ್ರಂಥವನ್ನು ಓದಿದವರಲ್ಲ. ಒಣಬಟ್ಟೆಗಳನ್ನು ಮೊದಲೇ ಬೆಚ್ಚಗೆ ಮಾಡಿ ಕೈಗೆ ಎಟಕುವಂತೆ ಇಟ್ಟುಕೊಂಡರು. ನಾನು ತಂದಿದ್ದ ಉಷ್ಣಮಾಪಕವನ್ನು ಬೇಡವೆನ್ನಲಿಲ್ಲ. ಅದು 37 ಡಿಗ್ರಿ ತೋರಿಸಿದ ನೀರಿಗೆ ಮೊಳಕೈಯನ್ನು ಅದ್ದಿ, “ಸರಿಯಾಗಿಯೇ ಹೇಳ್ತದೆ” ಎಂದು ಅದಕ್ಕೂ ಒಂದು ಪ್ರಶಸ್ತಿ ಕೊಟ್ಟರು. ಎಣ್ಣೆಯನ್ನು ಮೂಗಿಗೆ ಬಿಡಕೂಡದೆಂಬ ನನ್ನ ಮಾತನ್ನು ಅವರು ಒಪ್ಪಿದರು. ಸ್ನಾನದ ಸ್ಥಳದ ವಿಷಯದಲ್ಲಿ ಅವರ ಮಾತನ್ನು ನಾನು ಒಪ್ಪಿದೆ. ಆ ಕೋಣೆಗೆ ತೂಬು ಇರಲಿಲ್ಲವಾದುದರಿಂದ, ನೀರು ಹೊತ್ತು ತಂದು, ಆಮೇಲೆ ನೆಲವನ್ನು ಒರಸುವ ಕೆಲಸ ಮಾತ್ರ ಮೂರು ತಿಂಗಳು ನನ್ನ ಪಾಲಿಗೆ ಬಂದಿತು. ಬೆಳಗಿನ ಮೊದಲ ತರಗತಿಗೆ ನಾನು ಒದ್ದೆಯಾದ ಪಂಚೆಯ ಅಂಚಿನೊಡನೆ ಹೋದುದುಂಟು.

ಕೆಲವು ವರ್ಷಗಳ ಮೇಲೆ ಸ್ವಂತ ಮನೆಯನ್ನು ಕಟ್ಟಿಸುವಾಗ, ಮಲಗುವ ಕೋಣೆಯೊಂದರ ಮೂಲೆಯಲ್ಲಿ ಎರಡು ಮೊಳದ ಕಲ್ಲುಹಾಸು, ಅದಕ್ಕೊಂದು ತೂಬು ಬೇಕೆಂದು ಕೇಳಿದೆ. ನಕ್ಷೆ ಬರೆದ ಮಹನೀಯರು ನನ್ನನ್ನು ವಿಚಿತ್ರವಾಗಿ ನೋಡಿದರು. ಕಾರು ನಿಲ್ಲಿಸುವುದಕ್ಕೆ, ಬಟ್ಟೆ ಒಗೆಯುವ ಯಂತ್ರಕ್ಕೆ, ದೇವರಿಗೆ, ಪಾದರಕ್ಷೆಗೆ ಎಲ್ಲಕ್ಕೂ ಆ ನಕ್ಷೆಯಲ್ಲಿ ಅಳೆದು ತೂಗಿ ಜಾಗ ಕೊಟ್ಟಿದ್ದರು. ಕೊನೆಗೆ ಕೆಲಸದ ಮೇಸ್ತ್ರಿಯೇ ನನ್ನ ಪಕ್ಷ ವಹಿಸಿ ಕಲ್ಲನ್ನು ಕೂರಿಸಿಕೊಟ್ಟನು. ನಿಮ್ಮ ಮನೆಯಲ್ಲಿ ಹೇಗೆ ಮಾಡುತ್ತೀರಿ ಎಂದು ಅವನನ್ನು ಕೇಳಿದೆ. ಅವನದು ಒಂದೇ ಕೋಣೆಯ ಮನೆ.

“ನಮಗೆ ಕೋಣೆ ಎಲ್ಲಿ ಬರಬೇಕು ಸ್ವಾಮಿ? ಹನ್ನೊಂದು ಗಂಟೆಗೆ ಬಿಸಿಲು ಬಂದು ಅಂಗಳದ ಚಪ್ಪಡಿ ಕಾಯ್ತದೆ. ಅತ್ತೆ ಗೋಡೆ ಮರೆಗೆ ಕೂತ್ಕೊಂಡು ಎರೀತಾರೆ, ನನ್ ಹೆಂಡ್ತಿ ಗಾಳಿ ಬರೋ ಕಡೆ ಸೀರೆ ಹಿಡ್ಕೊಂಡು ನಿಂತ್ಕೊಳ್ತಾಳೆ. ಮೋಡ ಆದ್ರೆ ಆ ದಿನ ಎರೆಯೋದೇ ಇಲ್ಲ, ಒದ್ದೆ ಬಟ್ಟೇಲಿ ಒರಸಿ ಮಲಗಿಸ್ತೀವಿ.”